ಇನ್ನೂರೈವತ್ತೈದು

ಠಣ್.

ರಾತ್ರಿ ಹನ್ನೊಂದೂವರೆ. ಹರಿಹರದ ಫೌಂಡ್ರಿಯಲ್ಲಿ ಕುಲುಮೆ ಆರಿ ಬಹಳ ಹೊತ್ತಾಗಿತ್ತು. ಚೈತ್ರಾ ಲ್ಯಾಪ್‌ಟಾಪಿನಿಂದ ತಲೆಯೆತ್ತಿದಳು. ಷೆಡ್ಡಿನ ಮೂಲೆಯಲ್ಲಿ ಮಾಳಿಂಗಪ್ಪ ಕೂತಿದ್ದ, ಕೈಯಲ್ಲಿ ಪುಟ್ಟ ಸುತ್ತಿಗೆ. ಅವಳು ನೋಡಿದೊಡನೆ ಅದನ್ನು ಅಂಗಿಯೊಳಗೆ ಅಡಗಿಸಿದ.

ಅವಳಿಗೆ ಅನುಮಾನ ಬಂತು. ಪಂಪಿನ ಚಕ್ರಗಳಲ್ಲಿ ಬಿರುಕು ಹುಡುಕುವ ಹಳೆಯ ಕಂಪ್ಯೂಟರಿಗೆ ಮಾಳಿಂಗಪ್ಪನೇ ಆಪರೇಟರ್. ಅದೀಗ ಕೊನೆಯುಸಿರು ಎಳೆಯುತ್ತಿತ್ತು. ಆ ಯಂತ್ರದ ತದ್ರೂಪನ್ನು ಲ್ಯಾಪ್‌ಟಾಪಿನೊಳಗೆ ತಂತ್ರಾಂಶವಾಗಿ ಕಟ್ಟಲು ಅವಳು ದಾವಣಗೆರೆಯಿಂದ ಬಂದಿದ್ದಳು. ಅದು ಓಡಿದ ದಿನ ಮಾಳಿಂಗಪ್ಪನ ಕೆಲಸ ಮುಗಿಯಿತೆಂದು ಸಾಹುಕಾರ ಅಜ್ಜಪ್ಪ ಆಗಲೇ ಸಾರಿದ್ದ. ಸುತ್ತಿಗೆ ನಾಳೆ ಲ್ಯಾಪ್‌ಟಾಪಿನ ಮೇಲೂ ಬೀಳಬಹುದು.

ಅವಳು ಕೆಲಸಕ್ಕೆ ಮರಳಿದಳು. ಹಳೆಯ ಯಂತ್ರದ ಮಿದುಳಿಗೂ ಬಿರುಕು ಹಿಡಿಯುವ ಕಾರ್ಡಿಗೂ ನಡುವೆ ಒಂದು ಸೇತುವೆ ಚಿಪ್. ಈಚೆಯ ಪ್ರಶ್ನೆಯನ್ನು ಆಚೆ ದಾಟಿಸಿ ಉತ್ತರವಾಗಿ ಒಂದು ಸಂಖ್ಯೆ ತರುವುದು ಅದರ ಕೆಲಸ; ಸಂಖ್ಯೆ ದೊಡ್ಡದಾದಷ್ಟೂ ಚಕ್ರ ಗಟ್ಟಿ. ಆಚೆ ಯಾರೂ ಓಗೊಡದಿದ್ದರೆ ಅದು ಸುಮ್ಮನಿರುವುದಿಲ್ಲ; ತನಗೆ ಗೊತ್ತಿರುವ ಅತಿ ದೊಡ್ಡ ಸಂಖ್ಯೆಯನ್ನು ಹೇಳಿಬಿಡುತ್ತದೆ. ಆ ಚಾಳಿಯನ್ನೂ ಅವಳು ಚಾಚೂ ತಪ್ಪದೆ ಬರೆದಿದ್ದಳು. ಸೇತುವೆ ಮುಗಿದಿತ್ತು. ಕಾರ್ಡು ಬಾಕಿ.

ಬೆಳಗ್ಗೆ ಅಜ್ಜಪ್ಪ ಗಿರಾಕಿಯನ್ನೇ ಕರೆತಂದ.

“ತೋರ್ಸು ತಂಗಿ.”

“ಸಾರ್, ಅರ್ಧ ಕೆಲಸ ಬಾಕಿ ಇದೆ.”

“ಉಳಿದರ್ಧ ಆಗೈತಲ್ಲ, ಅದನ್ನೇ ತೋರ್ಸು.” ಗಿರಾಕಿಯತ್ತ ತಿರುಗಿದ. “ಹನ್ನೊಂದು ವರ್ಷದಾಗ ನಮ್ ಮಷೀನು ಒಂದು ಮಾಲೂ ಫೇಲ್ ಮಾಡಿಲ್ರೀ!”

ಮಾಳಿಂಗಪ್ಪ ಇಪ್ಪತ್ತು ಚಕ್ರ ತಂದಿಟ್ಟ. ಹಳೆಯ ಯಂತ್ರ ಪ್ರತಿಯೊಂದಕ್ಕೂ ಇನ್ನೂರೈವತ್ತೈದು ಎಂದಿತು. ಕಾರ್ಡೇ ಇಲ್ಲದ ಲ್ಯಾಪ್‌ಟಾಪೂ ಇನ್ನೂರೈವತ್ತೈದು ಎಂದಿತು. ಇಪ್ಪತ್ತಕ್ಕೆ ಇಪ್ಪತ್ತೂ.

“ನೂರಕ್ಕೆ ನೂರು ಯಾರಾದ್ರೂ ಕೊಡ್ತಾರೆ. ನಮ್ದು ನೂರಕ್ಕೆ ಇನ್ನೂರೈವತ್ತೈದು!” ಅಜ್ಜಪ್ಪ ಪೇಡಾ ಹಂಚಿದ. “ಮಾಳಿಂಗ, ನಾಳಿಂದ ಮನ್ಯಾಗ ಆರಾಮಿರಪ್ಪ.”

ಚೈತ್ರಾಳ ಪೇಡಾ ಅಂಗೈಯಲ್ಲೇ ಕರಗಿತು.

ಮಧ್ಯಾಹ್ನ, ಯಾರೂ ಇಲ್ಲದಾಗ, ಅವಳು ಹಳೆಯ ಪೆಟ್ಟಿಗೆಯ ಮುಚ್ಚಳ ಬಿಚ್ಚಿದಳು. ಸೇತುವೆ ಇತ್ತು. ಆಚೆ ಕಾರ್ಡಿರಬೇಕಾದ ಕಿಂಡಿಯಲ್ಲಿ ಜೇಡರ ಬಲೆ.

“ಸಿಡ್ಲು ಹೊಡ್ದು ಸುಟ್ಟೋತವ್ವ,” ಹಿಂದಿನಿಂದ ಮಾಳಿಂಗಪ್ಪನ ದನಿ. “ಹನ್ನೊಂದು ವರ್ಷ ಆತು. ಹೇಳಕ್ಹೋದೆ. ‘ಕಂಪ್ಯೂಟರ್ ಸುಳ್ಳು ಹೇಳ್ತೈತೇನಲೇ’ ಅಂದ್ರು ಸಾಹುಕಾರ್ರು. ಅದಕ್ಕ ರಾತ್ರಿ ಒಂದೊಂದೇ ಬಡಿದು ನೋಡ್ತೀನಿ. ಒಡಕು ದನಿ ಬಂದದ್ದು ವಾಪಸ್ ಕುಲುಮಿಗೆ.”

ಅವಳು ತಿರುಪುಗಳನ್ನು ಬಿಗಿದು ಅಜ್ಜಪ್ಪನ ಕೋಣೆಗೆ ಹೋದಳು.

“ಸಾರ್, ಮಾಳಿಂಗಪ್ಪ ಇಲ್ಲದಿದ್ರೆ ಹೊಸ ಮಷೀನಿಗೆ ನಾನು ಜವಾಬ್ದಾರಳಲ್ಲ.”

“ಅಂಥಾದ್ದೇನೈತೆ ಅವನತ್ರ?”

“ಕೈಗುಣ.”

ಅಜ್ಜಪ್ಪ ಗೋಡೆಯ ದೇವರ ಪಟದತ್ತ ನೋಡಿದ. “ಇರ್ಲಿ ಬಿಡವ್ವ ಹಂಗಾದ್ರೆ.”

ತದ್ರೂಪಿನಲ್ಲಿ ಅಸಲಿಗಿಂತ ಹೆಚ್ಚೇನೂ ಇರಬಾರದು. ಅದು ಅವಳ ಕಸುಬಿನ ನಿಯಮ. ಕೆಲಸದ ಪಟ್ಟಿಯಲ್ಲಿ ಬಾಕಿ ಕಾರ್ಡಿನ ಮುಂದೆ ‘ಮುಗಿದಿದೆ’ ಎಂದು ಬರೆದಳು, ಯಾರಿಗೂ ಹೇಳುವುದಿಲ್ಲವೆಂದು ನಿರ್ಧರಿಸಿದಳು.