ಪಾಯಸಕ್ಕೆ ಬೆರಳಿಟ್ಟವರು

ಬ್ಯಾಕ್ಟೀರಿಯಾಗಳು ಮಾತು ಕಲಿತ ಮೇಲೆ ಡಾ. ವನಜಾಕ್ಷಿಯವರ ಪ್ರಯೋಗಾಲಯದಲ್ಲಿ ನೆಮ್ಮದಿ ಉಳಿದಿಲ್ಲ. ಅವು ಯಾರ ಮೈಮೇಲೆ ಬೆಳೆದಿದ್ದವೋ ಅವರ ದನಿಯಲ್ಲೇ ಮಾತಾಡುತ್ತವೆ. ಹಾಗಾಗಿ ಬಹುಪಾಲು ಬೈಗುಳವೇ.

ಆವತ್ತು ಮಂಡ್ಯ ಕಡೆಯ ಮದುವೆಯೊಂದರ ಪಾಯಸ ಪರೀಕ್ಷೆಗೆ ಬಂದಿತ್ತು. ಉಂಡವರಲ್ಲಿ ಹೆಚ್ಚಿನವರು ವಾಂತಿ ಮಾಡಿಕೊಂಡು ಮಲಗಿದ್ದರು. ಅಡುಗೆಯ ಬೋರಲಿಂಗನ ತೋಳನ್ನು ಪೊಲೀಸರು ಪ್ರಯೋಗಾಲಯದಲ್ಲೂ ಹಿಡಿದುಕೊಂಡೇ ನಿಂತಿದ್ದರು.

“ಆ ಕೊಳಕನ್ನ ಒಳಗ್ ಹಾಕಿ ಸ್ವಾಮಿ,” ಎಂದರು ಗಂಡಿನ ತಾಯಿ ಪುಟ್ಟತಾಯಮ್ಮ. ಗಂಡಿನ ಕಡೆಯ ಬೀಗಿತ್ತಿ ರುಚಿ ನೋಡದೆ ಪಾಯಸ ಬಡಿಸುವ ಪದ್ಧತಿ ಅವರ ಕಡೆ ಇಲ್ಲ. ಅವರ ತೋರುಬೆರಳಲ್ಲೊಂದು ಕುರು ಎದ್ದು, ಅದಕ್ಕೆ ಬಟ್ಟೆ ಸುತ್ತಿತ್ತು.

“ನಾನು ಸೌಟಲ್ಲಿ ಕೊಟ್ಟೆ ಕಣವ್ವ, ನೀವೇ ಹಂಡೆಗೆ ಬೆರಳಿಟ್ರಿ,” ಎಂದ ಬೋರಲಿಂಗ.

“ಮುಚ್ಚಲೇ ಬಾಯಿ! ನಾನು ಸೌಟಲ್ಲೇ ನೋಡಿದ್ದು.”

ವನಜಾಕ್ಷಿ ಗಾಜಿನ ತಟ್ಟೆಯ ಮುಚ್ಚಳ ಸರಿಸಿದರು. ಪಾಯಸದಿಂದ ತೆಗೆದು ಬೆಳೆಸಿದ್ದ ಬ್ಯಾಕ್ಟೀರಿಯಾಗಳು ಚಿನ್ನದ ಬಣ್ಣದ ಚುಕ್ಕೆಗಳಾಗಿ ಹೊಳೆಯುತ್ತಿದ್ದವು.

“ಸಕ್ರೆ ಹಾಕಕ್ಕೂ ಕೈ ಬರ್ನಿಲ್ವಾ ದರಿದ್ರದವ್ಕೆ!” ಎಂದು ತಟ್ಟೆ ಕೂಗಿತು.

“ಅದ್ಯಾರ್ ದನಿಯೋ, ನಂದಂತೂ ಅಲ್ಲ,” ಎಂದರು ಪುಟ್ಟತಾಯಮ್ಮ.

ತಟ್ಟೆ ಮತ್ತೆ ಗದರಿತು. “ಲೋ ಶಿವನಂಜ, ನೆಟ್ಗೆ ನಿಂತ್ಕೊಳ್ಳೋ!”

ಗೋಡೆಗೆ ಒರಗಿದ್ದ ಮದುಮಗ ಥಟ್ಟನೆ ಸೆಟೆದು ನಿಂತು, ತಟ್ಟೆಯ ಕಡೆಗೇ ತಲೆ ತಗ್ಗಿಸಿ, “ಆಯ್ತವ್ವ,” ಎಂದ.

ಪೊಲೀಸರು ಬೋರಲಿಂಗನ ತೋಳು ಬಿಟ್ಟರು.