ಮಾತು ಕೇಳುವ ಮನೆ

ಲಾರಿಯಡಿ ಸಿಕ್ಕಿ ಎಡಗಾಲು ಕಳೆದುಕೊಂಡ ಮೇಲೆ ಗುರುಶಾಂತನಿಗೆ ಗಾಯಕ್ಕಿಂತ ಹೆಚ್ಚು ನೋಯುತ್ತಿದ್ದದ್ದು ಮನೆಯವರ ನಿಟ್ಟುಸಿರು. ದೀಪ ಹಾಕಿ ಅಂದರೆ ಅಣ್ಣನದೊಂದು, ಟಿವಿ ಆರಿಸಿ ಅಂದರೆ ಅತ್ತಿಗೆಯದೊಂದು. ಯಾರ ಹಂಗೂ ಬೇಡವೆಂದು ಅವನು ಪರಿಹಾರದ ಹಣದಲ್ಲಿ, ಬಾಯಲ್ಲಿ ಹೇಳಿದರೆ ಸಾಕು ದೀಪ, ಫ್ಯಾನು, ಟಿವಿ ಎಲ್ಲವನ್ನೂ ನಡೆಸುವ ಯಂತ್ರವೊಂದನ್ನು ಮನೆಗೆ ಹಾಕಿಸಿದ.

ಮೊದಲ ದಿನ ಅದರೊಡನೆ ಅವನೊಬ್ಬನೇ ಮಾತಾಡಿದ. ಆಮೇಲೆ ಅವನ ಸರದಿ ಬರುವುದೇ ಅಪರೂಪವಾಯಿತು. ಅಣ್ಣ ಮಲಗಿದಲ್ಲಿಂದಲೇ ಟಿವಿ ಹಾಕಿಸಿದ. ಅತ್ತಿಗೆ ಕೂತಲ್ಲಿಂದಲೇ ದೀಪ ಆರಿಸಿದಳು.

"ನಿನ್ನ ದೆಸೆಯಿಂದ ನಾವೂ ಸುಖ ಕಂಡ್ವಿ ನೋಡು," ಅಂದಳು.

ನಿಟ್ಟುಸಿರಂತೂ ನಿಂತಿತಲ್ಲ ಎಂದು ಗುರುಶಾಂತ ಸಮಾಧಾನಪಟ್ಟುಕೊಂಡ.

ಒಂದು ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಮೂವರೂ ಪಡಸಾಲೆಯಲ್ಲಿ ಅಡ್ಡಾದರು. ಗುರುಶಾಂತ ಕೃತಕ ಕಾಲನ್ನು ಕಳಚಿ ಪಕ್ಕಕ್ಕಿಟ್ಟಿದ್ದ. ಫ್ಯಾನು ಹಾಕೆಂದು ಅಣ್ಣ ಎಷ್ಟು ಕೂಗಿದರೂ ಯಂತ್ರ ತುಟಿ ಬಿಚ್ಚಲಿಲ್ಲ. ಇಂಟರ್ನೆಟ್ ಹೋಗಿತ್ತು.

"ಗೋಡೆ ಮೇಲೆ ಸ್ವಿಚ್ ಇದೆಯಲ್ಲ, ಎದ್ದು ಹಾಕ್ರಿ," ಅಂದಳು ಅತ್ತಿಗೆ.

"ನೀನೇ ಹಾಕು. ನನಗೆ ಎರಡೂ ಮಂಡಿ ನೋವು."

"ನನಗೇನು ಕಡಿಮೆನಾ? ಬೆಳಿಗ್ಗೆಯಿಂದ ಒಲೆ ಮುಂದೆ ನಿಂತು ಎರಡೂ ಕಾಲು ಸೇದ್ತಾ ಇವೆ."

ಇಬ್ಬರೂ ಮಲಗಿದಲ್ಲೇ ಬೆವರು ಒರೆಸಿಕೊಂಡರು. ಆಮೇಲೆ ಅಣ್ಣ ಮೆಲ್ಲಗೆ ತಮ್ಮನತ್ತ ಹೊರಳಿದ.

"ಎದ್ದು ಆ ಫ್ಯಾನ್ ಹಾಕಪ್ಪ ಗುರು. ನಿನಗಾದ್ರೆ ನೋಯೋಕೂ ಒಂದೇ ಕಾಲು."