ನಿಲ್ಲದ ಹಾಡು

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಸಂಜೋತಾಳ ಕೈ ತಟ್ಟನೆ ನಿಂತಿತು. ಹಾಲ್‌ನಲ್ಲಿ ಹಾಡು ನಿಂತುಹೋಗಿತ್ತು. ಕರೆಂಟು ಇತ್ತು, ಫ್ಯಾನು ತಿರುಗುತ್ತಲೇ ಇತ್ತು.

ಯಾವ ಹಾಡೇ ಆಗಲಿ, ಅದಕ್ಕಿಂತ ಮೊದಲು ಹುಟ್ಟಿದವರು ಒಬ್ಬರಾದರೂ ಮನೆಯೊಳಗೆ ಉಸಿರಾಡುತ್ತಿದ್ದರೆ ಮಾತ್ರ ಸ್ಪೀಕರ್ ಅದನ್ನು ನುಡಿಸುತ್ತಿತ್ತು. ಎಲ್ಲರ ಮನೆಯಲ್ಲೂ ಹಾಗೆಯೇ. ಆ ಹಳೆಯ ಹಾಡಿಗಿಂತ ಹಿರಿಯಳು ಇಲ್ಲಿ ಅಜ್ಜಿ ನೀಲವ್ವ ಒಬ್ಬಳೇ. ಎದುರುಮನೆಯ ಅಜ್ಜ ತೀರಿಕೊಂಡದ್ದು ಅವರ ಮನೆಯವರಿಗೆ ಗೊತ್ತಾದದ್ದೂ ಹೀಗೆಯೇ, ಪಲ್ಲವಿಯ ನಡುವೆ.

ಹಂಚಿನ ಮೇಲೆ ರೊಟ್ಟಿ ಬಿಟ್ಟು, ಹಿಟ್ಟಿನ ಕೈಯಲ್ಲೇ ಓಡಿದಳು. ಕುರ್ಚಿ ಖಾಲಿ. ಬಾಗಿಲು ತೆರೆದಿತ್ತು. ನೀಲವ್ವ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಳು.

"ಆಯಿ! ಹೇಳಿ ಹೋಗಬಾರದೇನ? ಜೀವ ಹೋದಂಗಾತು ನನಗ."

"ಮುಂಜಾನಿಂದ ಅದ ಹಾಡು. ನನಗದು ಎಂದೂ ಸೇರಿಲ್ಲವ್ವಾ. ನಾ ಅದೀನೋ ಇಲ್ಲೋ ನೋಡಾಕ ಹಚ್ಚಿರ್ತೀರಿ, ಗೊತ್ತಿಲ್ಲೇನ ನನಗ?"

ಸಂಜೋತಾ ತಲೆ ತಗ್ಗಿಸಿದಳು.

"ನೀ ಕಿವ್ಯಾಗ ಇಟಗೊಂಡು ಕುಣೀತೀಯಲ್ಲ, ಅದನ್ನ ಹಚ್ಚು. ನಾನೂ ಕೇಳ್ತೀನಿ."

ಅದು ಹೋದ ವಾರ ಬಂದ ಹಾಡು. ಅಜ್ಜಿ ಇದ್ದರೂ ನುಡಿಯುತ್ತದೆ, ಇಲ್ಲದಿದ್ದರೂ ನುಡಿಯುತ್ತದೆ. ಸಂಜೋತಾ ಅವಳನ್ನು ಒಳಗೆ ಕರೆತಂದು ಕೂರಿಸಿ, ಅಳುಕುತ್ತಲೇ ಹಾಡು ಹಾಕಿದಳು. ನೀಲವ್ವ ಕಣ್ಣು ಮುಚ್ಚಿ, ಬೆರಳಿನಿಂದ ಕುರ್ಚಿಯ ಕೈ ಮೇಲೆ ತಾಳ ಹಾಕತೊಡಗಿದಳು. ತುಸು ಹೊತ್ತಿಗೆ ಬೆರಳು ನಿಂತಿತು. ಹಾಡು ನಿಲ್ಲಲಿಲ್ಲ.

ಸಂಜೋತಾ ಅಜ್ಜಿಯ ಮುಂಗೈ ಹಿಡಿದು ನಾಡಿ ಹುಡುಕಿದಳು.

"ರೊಟ್ಟಿ ಸುಟ್ಟ ವಾಸನಿ ಬರಾಕತ್ತೈತಿ, ಹೋಗವಾ," ಎಂದಳು ನೀಲವ್ವ, ಕಣ್ಣು ತೆರೆಯದೆ.

ಸಂಜೋತಾ ಹೋಗಲಿಲ್ಲ. ಮುಂಗೈ ಬಿಡದೆ ಅಲ್ಲೇ ಕೂತಳು.